ಅಜ್ಜನ ಮೆಷಿನ್ನು ಅಜ್ಜಿಯ ಕಿವಿಗೆ

ಹಿರಿಯರು ತೀರಿಕೊಂಡ ಮೇಲೆ ಊರುಗೋಲು, ಕೈಗಡಿಯಾರಗಳ ಜೊತೆ ಅವರ ಕಿವಿಯ ಮೆಷಿನ್ನೂ ಪೆಟ್ಟಿಗೆಯಲ್ಲಿ ಉಳಿಯುತ್ತದೆ. ಅದಕ್ಕೆ ತೆತ್ತ ಹಣ ಎಲ್ಲರಿಗೂ ನೆನಪಿರುತ್ತದೆ. ಕಿವಿ ಮಂದವಾದ ಇನ್ನೊಬ್ಬರಿಗೆ ತೊಡಿಸಿಬಿಡೋಣ ಅನ್ನಿಸುವುದು ಸಹಜ. ಹಾಗೆ ನೇರ ತೊಡಿಸುವ ತಪ್ಪು ಮಾಡಿದ ಮನೆಗಳಲ್ಲಿ ನಮ್ಮದೂ ಒಂದು, ಹಟ ನನ್ನದೇ. ಹಳೆಯ ಮೆಷಿನ್ನನ್ನು ಮತ್ತೆ ಬಳಸಲೇಬಾರದೆಂದು ನಾನು ಹೇಳುವುದಿಲ್ಲ. ಅದರೊಳಗೆ ಕೂರಿಸಿದ ಲೆಕ್ಕವನ್ನೂ ಕಿವಿಗೆ ಕೂರುವ ಅಚ್ಚನ್ನೂ ಮಾತ್ರ ಹಾಗೇ ದಾಟಿಸಬಾರದು.

ಮುಪ್ಪಿನಲ್ಲಿ ಮೊದಲು ಕುಗ್ಗುವುದು ಸಾಮಾನ್ಯವಾಗಿ ಏರು ಕಂಪನದ ಸದ್ದು. ಸ್ವರಗಳು ಕೇಳುತ್ತವೆ, ಸ, ಶ, ತ, ಕ ಜಾರಿಹೋಗುತ್ತವೆ. ‘ಕೇಳ್ಸುತ್ತೆ, ಅರ್ಥ ಆಗಲ್ಲ’ ಎಂದು ಮುದುಕರು ಹೇಳುವುದು ಇದನ್ನೇ. ಕಿವಿ ಸೋರಿ ಮಂದವಾದವರಲ್ಲಿ ತಗ್ಗು ಕಂಪನದ ಸದ್ದೂ ಕುಗ್ಗಿರಬಹುದು. ಯಾವ ಕಂಪನಕ್ಕೆ ಎಷ್ಟು ಬಲ ಬೇಕೆಂದು ಕಿವಿ ಪರೀಕ್ಷೆಯ ನಕ್ಷೆಯಾದ ಆಡಿಯೋಗ್ರಾಂ ನೋಡಿ ಮೆಷಿನ್ನಿಗೆ ತುಂಬಿರುತ್ತಾರೆ. ಅದು ಒಬ್ಬರ ಒಂದು ಕಿವಿಯ ಲೆಕ್ಕ. ಅವರದೇ ಇನ್ನೊಂದು ಕಿವಿಗೂ ಹೊಂದಬೇಕೆಂದಿಲ್ಲ. ಕೆಂಪು ಗುರುತು ಬಲಕ್ಕೆ, ನೀಲಿ ಎಡಕ್ಕೆ ಎಂದಿಟ್ಟಿರುವುದೂ ಅದಕ್ಕೇ. ‘ಜೋರಾಗಿ ಕೇಳುತ್ತಲ್ಲ, ಸಾಕು’ ಎಂಬ ಮಾತಿಗೆ ನನ್ನ ತಕರಾರು ಇಲ್ಲೇ. 85 ಡೆಸಿಬಲ್ ಸದ್ದನ್ನು 8 ಗಂಟೆ ತಾಳಬಹುದಾದರೆ, 100 ಡೆಸಿಬಲ್ಲಿಗೆ ಸುರಕ್ಷಿತ ಅವಧಿ 15 ನಿಮಿಷ. ತೀವ್ರ ಕಿವುಡಿಗೆಂದು ಮಾಡಿದ ಮೆಷಿನ್ನಿನ ಗರಿಷ್ಠ ಸದ್ದು 120 ದಾಟುತ್ತದೆ. ಅಲ್ಪ ಮಂದವಿರುವ ಕಿವಿಗೆ ಅದನ್ನು ದಿನವಿಡೀ ಸಿಕ್ಕಿಸಿದರೆ ಉಳಿದ ಕೇಳುವಿಕೆಗೂ ಸಂಚಕಾರ. ಬಲ ಸಾಲದಿದ್ದರೆ ಬೇರೆ ನಷ್ಟ: ‘ಮೆಷಿನ್ನು ಪ್ರಯೋಜನವಿಲ್ಲ’ ಎಂದು ಹಿರಿಯರು ಕಿತ್ತಿಡುತ್ತಾರೆ, ಮತ್ತೆ ಹೊಸದನ್ನೂ ಹಾಕಿಕೊಳ್ಳುವುದಿಲ್ಲ. ‘ಹಟಮಾರಿ’ ಎಂಬ ಬಿರುದು ಮಾತ್ರ ಅವರಿಗೆ.

ಅಚ್ಚಿನದು ಇನ್ನೂ ಸರಳ. ಅದು ಒಬ್ಬರ ಕಿವಿಯ ಅಳತೆ ತೆಗೆದು ಎರಕ ಹೊಯ್ದದ್ದು. ಇನ್ನೊಬ್ಬರಿಗೆ ಸಡಿಲವಾದರೆ ಸದ್ದು ಸೋರಿ ಸಿಳ್ಳೆ ಹೊಡೆಯುತ್ತದೆ, ಬಿಗಿಯಾದರೆ ಚರ್ಮ ಕೀಳುತ್ತದೆ. ಹಿಂದಿನವರ ಗುಗ್ಗೆ, ಬೂಷ್ಟು ಒಳಗೇ ಇರಬಹುದು; ಕರಾವಳಿ, ಮಲೆನಾಡಿನ ತೇವದಲ್ಲಿ ಕಿವಿಗೆ ಶಿಲೀಂಧ್ರ ಹತ್ತುವುದು ಹೊಸದಲ್ಲ. ಹೊಸ ಅಚ್ಚು, ಹೊಸ ನಳಿಗೆ ಹಾಕಿಸಲೇಬೇಕು. ಕಿವಿ ಸೋರುತ್ತಿದ್ದರೆ, ಒಂದು ಕಿವಿ ಥಟ್ಟನೆ ಕೇಳದಂತಾದರೆ ಮೊದಲು ಕಿವಿ ವೈದ್ಯರು, ಆಮೇಲೆ ಮೆಷಿನ್ನು.

‘ಪರೀಕ್ಷೆ ಎನ್ನುವುದೇ ಹೊಸದನ್ನು ಮಾರುವ ನೆಪ’ ಎನ್ನುವವರಿದ್ದಾರೆ. ಆ ಅನುಮಾನ ಸುಳ್ಳೆನ್ನಲಾರೆ. ಹಳೆಯದನ್ನು ಮುಟ್ಟಿಯೂ ನೋಡದೆ ಹೊಸದರ ಬೆಲೆಪಟ್ಟಿ ಚಾಚುವ ಅಂಗಡಿಗಳಿವೆ. ಆದರೆ ಕಿವಿಯ ಹಿಂದೆ ಕೂರುವ ಡಿಜಿಟಲ್ ಮೆಷಿನ್ನನ್ನು, ಅದರ ಸಾಮರ್ಥ್ಯ ಹೊಸ ಕಿವಿಗೆ ಒಗ್ಗುವುದಾದರೆ, ಹೊಸ ಆಡಿಯೋಗ್ರಾಂ ಪ್ರಕಾರ ಮತ್ತೆ ಹೊಂದಿಸಬಹುದು. ಕಿವಿಯೊಳಗೇ ಕೂರುವ ಅಳತೆಯ ಮೆಷಿನ್ನಿಗೆ ಈ ಅನುಕೂಲ ಕಡಿಮೆ, ಅದರ ಕವಚವೇ ಅಚ್ಚು. ಖರ್ಚಿನ ಭಯವಿದ್ದವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಆದಾಯದ ಮಿತಿಯೊಳಗಿನ ಅರ್ಹರಿಗೆ ಸಾಧನ ಕೊಡಲು ಕೇಂದ್ರದ ಅಡಿಪ್ ಯೋಜನೆ ಇದೆ. ಪೆಟ್ಟಿಗೆಯಲ್ಲಿರುವ ಮೆಷಿನ್ನನ್ನು ಎಸೆಯಬೇಡಿ, ಅಜ್ಜಿಯ ಕಿವಿಗೆ ನೇರ ಇಡಲೂ ಬೇಡಿ. ಅಜ್ಜಿಯನ್ನೂ ಮೆಷಿನ್ನನ್ನೂ ಒಟ್ಟಿಗೇ ಕೇಳುವಿಕೆ ಪರೀಕ್ಷಿಸುವ ಆಡಿಯಾಲಜಿಸ್ಟ್ ಬಳಿ ಕರೆದೊಯ್ಯಿರಿ.