ಚರ್ಮದ ಕೋಶಗಳಿಗೆ ಅಪ್ಪಣೆ ಕೊಡುವವರಾರು?

ಮಂಡಿ ತರಚಿದರೆ ಕೆಲವು ದಿನಗಳಲ್ಲಿ ಹೊಸ ಚರ್ಮ ಬರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಗಾಯ ತುಂಬಿದೊಡನೆ ಆ ಬೆಳೆವಣಿಗೆ ನಿಲ್ಲುವುದೇಕೆಂದು ಮಾತ್ರ ನಾವು ಕೇಳುವುದಿಲ್ಲ. ನಿಜವಾದ ಸೋಜಿಗವಿರುವುದು ಅಲ್ಲಿಯೇ.

ಹೊರಚರ್ಮದಲ್ಲಿ ಹೊಸ ಕೋಶಗಳು ಹುಟ್ಟುವುದು ಮುಖ್ಯವಾಗಿ ತಳದ ಪದರದಲ್ಲಿ. ಅವು ಮೇಲೇರುತ್ತ ಗಡುಸಾಗಿ, ಸುಮಾರು ಒಂದು ತಿಂಗಳಿನಲ್ಲಿ ಉದುರಿಹೋಗುತ್ತವೆ. ಉದುರಿದಷ್ಟೇ ಹುಟ್ಟಬೇಕು. ಈ ಲೆಕ್ಕವನ್ನು ಇಡುವವರಾರು?

ಇದರ ಸುಳಿವು ದೊರೆತದ್ದು ಆಕಸ್ಮಿಕವಾಗಿ. ನರಗಳ ಬೆಳೆವಣಿಗೆಯನ್ನು ಕುರಿತು ಶೋಧಿಸುತ್ತಿದ್ದ ಅಮೆರಿಕದ ಸ್ಟ್ಯಾನ್ಲಿ ಕೊಹೆನ್ ಎಂಬ ಜೀವರಸಾಯನ ವಿಜ್ಞಾನಿ, ಇಲಿಯ ಜೊಲ್ಲುಗ್ರಂಥಿಯ ಸಾರವನ್ನು ಎಳೆಯ ಇಲಿಮರಿಗಳಿಗೆ ಚುಚ್ಚಿದರು. ಎರಡು ವಾರಕ್ಕೆ ಕಣ್ತೆರೆಯಬೇಕಾದ ಮರಿಗಳು ಒಂದೇ ವಾರಕ್ಕೆ ಕಣ್ತೆರೆದುವು! ನರಗಳಿಗೂ ಇದಕ್ಕೂ ಏನು ಸಂಬಂಧವೆಂದು ಬೇರೊಬ್ಬರು ಕೈಬಿಡುತ್ತಿದ್ದರೇನೋ, ಕೊಹೆನ್ ಬಿಡಲಿಲ್ಲ. ರೆಪ್ಪೆಯ ಹೊರಚರ್ಮ ಬೇಗ ಬಲಿತದ್ದೇ ಕಾರಣವೆಂದು ಕಂಡುಕೊಂಡು, ಆ ವಸ್ತುವನ್ನು ಬೇರ್ಪಡಿಸಿ 1962ರಲ್ಲಿ ಪ್ರಕಟಿಸಿದರು. ಅದು 53 ಅಮೈನೊ ಆಮ್ಲಗಳ ಪುಟ್ಟ ಪ್ರೋಟೀನು. ಹೊರಚರ್ಮ ವೃದ್ಧಿಕಾರಕವೆಂದು ಅದರ ಹೆಸರು. ಈ ಬಗೆಯ ಶೋಧಕ್ಕಾಗಿ ಅವರಿಗೂ ರೀಟಾ ಲೆವಿ-ಮೊಂಟಾಲ್ಚೀನಿಯವರಿಗೂ 1986ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ಭೌತಶಾಸ್ತ್ರ ಹೇಳುವ ನಮಗೆ ಇಲ್ಲಿ ವಿದ್ಯುತ್ ಗಂಟೆ ನೆನಪಿಗೆ ಬರುತ್ತದೆ. ವೃದ್ಧಿಕಾರಕವು ಕೋಶದ ಒಳಹೊಕ್ಕು ಕೆಲಸಮಾಡಬೇಕಾಗಿಲ್ಲ. ಬಾಗಿಲಲ್ಲಿ ಗುಂಡಿ ಒತ್ತುತ್ತದೆ, ಅಷ್ಟೆ. ಗುಂಡಿಯೆಂದರೆ ಕೋಶದ ಪೊರೆಯಲ್ಲಿ ಒಳಕ್ಕೂ ಹೊರಕ್ಕೂ ಚಾಚಿರುವ ಗ್ರಾಹಕ ಪ್ರೋಟೀನು. ವೃದ್ಧಿಕಾರಕ ಬಂದು ಅಂಟಿದಾಗ ಎರಡು ಗ್ರಾಹಕಗಳು ಜೋಡಿಯಾಗಿ, ಒಳತುದಿಯಲ್ಲಿ ಒಂದಕ್ಕೊಂದು ಫಾಸ್ಫೇಟು ತಗುಲಿಸುತ್ತವೆ. ಈ ಸಂಕೇತವು ಕೈಯಿಂದ ಕೈಗೆ ಸಾಗಿ ಕೋಶಕೇಂದ್ರವನ್ನು ಮುಟ್ಟಿದಾಗ ವಿಭಜನೆಗೆ ಸಿದ್ಧತೆ ನಡೆಯುತ್ತದೆ. ಬಳಿಕ ಕೋಶವು ಗ್ರಾಹಕವನ್ನು ಒಳಕ್ಕೆಳೆದುಕೊಂಡು, ಹಲವು ವೇಳೆ ನಾಶಮಾಡಿಯೇ ಬಿಡುತ್ತದೆ, ಗಂಟೆ ನಿಲ್ಲುತ್ತದೆ. ವಿಭಜನೆಯನ್ನು ತಡೆಯುವ ಬೇರೆ ಕಾರಕಗಳೂ ಉಂಟು.

ಏಡಿಗಂತಿಯಲ್ಲಿ, ಎಂದರೆ ಕ್ಯಾನ್ಸರಿನಲ್ಲಿ, ಈ ಗಂಟೆ ನಿಲ್ಲದಿರಬಹುದು. ಕೋಳಿಗಳಿಗೆ ರಕ್ತದ ಕ್ಯಾನ್ಸರ್ ತರುವ ಒಂದು ವೈರಸ್ಸಿನ ಜೀನು ಈ ಗ್ರಾಹಕದ್ದೇ ಮೊಟಕಾದ ರೂಪವೆಂದು 1984ರಲ್ಲಿ ತಿಳಿಯಿತು. ಅದಕ್ಕೆ ಹೊರತುದಿಯೇ ಇಲ್ಲ. ಒತ್ತುವವರಿಲ್ಲದೆಯೂ ಅದು ಒತ್ತಿದಂತೆಯೇ ಇರುತ್ತದೆ. ಮನುಷ್ಯರ ಒಂದು ಗಂತಿಯಿಂದ ಬೆಳೆಸಿದ, ಪ್ರಯೋಗಶಾಲೆಗಳಲ್ಲಿ ಪ್ರಸಿದ್ಧವಾದ ಎ431 ಎಂಬ ಕೋಶಗಳಲ್ಲಿ ದೋಷ ಬೇರೆ ಬಗೆಯದು: ಒಂದೊಂದರ ಮೇಲೂ ಸುಮಾರು 20 ಲಕ್ಷ ಗ್ರಾಹಕಗಳು! ಕ್ಯಾನ್ಸರು ಹೊಸ ಭಾಷೆಯನ್ನೇನೂ ಕಲಿತಿಲ್ಲ, ಗಾಯ ಮಾಯಿಸುವ ಮಾತನ್ನೇ ಬಿಡದೆ ಆಡುತ್ತಿದೆ.

ಗ್ರಾಹಕದ ಹೊರತುದಿಯನ್ನು ಮುಚ್ಚಿಬಿಡುವ ಸೆಟುಕ್ಸಿಮ್ಯಾಬ್ ಎಂಬ ಔಷಧಿ 2004ರಿಂದ ಕರುಳಿನ, 2006ರಿಂದ ತಲೆ ಮತ್ತು ಕತ್ತಿನ ಕೆಲವು ಕ್ಯಾನ್ಸರುಗಳಿಗೆ ಬಳಕೆಯಲ್ಲಿದೆ. ಅದನ್ನು ಪಡೆಯುವ ಹೆಚ್ಚಿನ ರೋಗಿಗಳ ಮುಖದಲ್ಲೂ ಎದೆಯಲ್ಲೂ ಮೊಡವೆಯಂಥ ಗುಳ್ಳೆಗಳೇಳುತ್ತವೆ. ಆರೋಗ್ಯವಂತ ಚರ್ಮವೂ ಅದೇ ಗಂಟೆಯನ್ನು ನಂಬಿಕೊಂಡಿದೆಯಲ್ಲವೆ?