ಬಾರ್ಬಡೋಸ್ ದಡದ ಆ ಹಸಿರು ಹಣ್ಣು

ಮಕ್ಕಳನ್ನು ಕಟ್ಟಿಕೊಂಡು ಬಾರ್ಬಡೋಸ್‌ಗೆ ಹೊರಟಿದ್ದೀರಾ? ಸೂಟ್‌ಕೇಸ್ ತುಂಬುವಾಗಲೇ ಒಂದು ಮಾತು: ಮಿಲಿಟರಿ ಕ್ಯಾಮೊಫ್ಲಾಜ್ ವಿನ್ಯಾಸದ ಬಟ್ಟೆ ಬೇಡ. ಅಲ್ಲಿ ಅದು ಕಾನೂನುಬಾಹಿರ, ಪುಟ್ಟ ಮಗುವಿನ ಚಡ್ಡಿಯಾದರೂ ಸರಿಯೇ.

ತಂಗಲು ಪಶ್ಚಿಮ ಕರಾವಳಿ ಲೇಸು. ಕೆರಿಬಿಯನ್ ಸಮುದ್ರ ಅಲ್ಲಿ ಬಹುಪಾಲು ಕೆರೆಯಂತೆ ತೆಪ್ಪಗಿರುತ್ತದೆ. ಪೂರ್ವದ ಬಾತ್‌ಶೀಬಾಕ್ಕೆ ಬಂಡೆ ನೋಡಲು ಹೋಗಿ, ಈಜಲು ಬೇಡ. ಅಟ್ಲಾಂಟಿಕ್‌ನ ಒಳಸೆಳೆತಕ್ಕೆ ದೊಡ್ಡವರೂ ನಿಲ್ಲಲಾರರು.

ದಡದಲ್ಲಿ ನೆರಳು ಕೊಡುವ ಮರವೆಲ್ಲ ನಮ್ಮ ಹೊಂಗೆಯಲ್ಲ. ಮಂಚಿನೀಲ್ ಎಂಬುದೊಂದಿದೆ. ಪುಟ್ಟ ಹಸಿರು ಸೇಬಿನಂಥ ಹಣ್ಣು, ಸಿಹಿ ಪರಿಮಳ. ಕಚ್ಚಿದರೆ ಬಾಯಿ, ಗಂಟಲು ಸುಟ್ಟು ಊದಿಕೊಳ್ಳುತ್ತವೆ. ಮಳೆ ಬಂತೆಂದು ಅದರಡಿ ನಿಂತರೂ ಎಲೆಯಿಂದ ತೊಟ್ಟಿಕ್ಕುವ ನೀರಿಗೆ ಮೈಮೇಲೆ ಬೊಬ್ಬೆ ಏಳುತ್ತದೆ. ಕಾಂಡಕ್ಕೆ ಕೆಂಪು ಬಣ್ಣ ಬಳಿದಿದ್ದರೆ ದೂರ ಸರಿಯಿರಿ. ಬಳಿಯದವೂ ಇರುತ್ತವೆ, ಹಾಗಾಗಿ ಬಿದ್ದ ಹಣ್ಣು ಹೆಕ್ಕುವ ಚಾಳಿಯನ್ನೇ ಬಿಡಿಸಿ.

ದ್ವೀಪವಿರುವುದು ಹೆಚ್ಚುಕಡಿಮೆ ಬೆಂಗಳೂರಿನ ಅಕ್ಷಾಂಶದಲ್ಲೇ, 13 ಡಿಗ್ರಿ ಉತ್ತರ. ಬಿಸಿಲು ಚುರುಕು, ಆದರೆ ಕಡಲಗಾಳಿ ಮೋಸಗಾತಿ, ಬಿಸಿ ತಿಳಿಯಗೊಡದು. ಚರ್ಮ ಸುಟ್ಟದ್ದು ರಾತ್ರಿಯೇ ಗೊತ್ತಾಗುವುದು. ಚಂಡಮಾರುತದ ಕಾಲ ಜೂನ್‌ನಿಂದ ನವೆಂಬರ್. ಡಿಸೆಂಬರ್ ಬಳಿಕ ಒಣಹವೆ, ಕೋಣೆಗಳೂ ದುಬಾರಿ.

ಮರಳಾಟಕ್ಕೆ ಮಕ್ಕಳು ಬೇಸತ್ತ ದಿನ ಬ್ರಿಡ್ಜ್‌ಟೌನ್‌ನ ಕೆನ್ಸಿಂಗ್ಟನ್ ಓವಲ್ ಕ್ರಿಕೆಟ್ ಮೈದಾನ ತೋರಿಸಿ. 2024ರ ಜೂನ್ 29ರಂದು ಕೋಚ್ ಆಗಿದ್ದ ನಮ್ಮ ದ್ರಾವಿಡ್ ಟಿ20 ವಿಶ್ವಕಪ್ ಎತ್ತಿ ಅಬ್ಬರಿಸಿದ್ದು ಅಲ್ಲೇ.