ಗೇಟಿನ ತನಕ ಬಂದ ಲೈನು ಯಾರದ್ದು?

ನಮ್ಮ ಪೇಟೆಯಲ್ಲಿ ಇಂಟರ್‌ನೆಟ್ ಕೊಡುವ ಎರಡು ಕಂಪೆನಿಗಳ ಬೋರ್ಡು ಇದೆ. ಒಂದರಿಂದ ಬೇಸತ್ತು ಇನ್ನೊಂದಕ್ಕೆ ಹೋದೆ. ಹೋದ ಮೇಲೆ ಗೊತ್ತಾಯಿತು, ಎರಡೂ ಒಂದೇ ಎಂದು. ಈ ಪಾಠಕ್ಕೆ ನಾನು ತೆತ್ತದ್ದು 2,500 ರೂಪಾಯಿ. ಬೇರೆಯವರಿಗೆ ಹಾಗಾಗುವುದು ಬೇಡ ಎಂದು ಬರೆಯುತ್ತಿದ್ದೇನೆ.

ನಮ್ಮದು ಸುಳ್ಯದ ಕಡೆ, ಗುಡ್ಡದ ಬುಡದಲ್ಲಿ ತೋಟ. ಡಾಮರು ರಸ್ತೆಗೆ ಒಂದೂವರೆ ಕಿಲೋಮೀಟರು. ಮೊಬೈಲ್ ಸಿಗ್ನಲ್ ಬೇಕಿದ್ದರೆ ಹಟ್ಟಿಯ ಹಿಂದಿನ ದರೆ ಹತ್ತಬೇಕು. 2020ರಲ್ಲಿ ಮಗಳು ಲ್ಯಾಪ್‌ಟಾಪ್ ಹಿಡಿದುಕೊಂಡು ಬೆಂಗಳೂರಿನಿಂದ ಊರಿಗೆ ಬಂದಳು. ಅವಳಿಗಾಗಿ ಫೈಬರ್ ಹಾಕಿಸಿದೆವು. ಬೇಸಿಗೆಯಲ್ಲಿ ತಕರಾರಿಲ್ಲ. ಮಳೆಗಾಲದಲ್ಲಿ ಹಲಸಿನ ಗೆಲ್ಲು ಬಿದ್ದು ಲೈನು ಕಡಿಯಿತು. ಹನ್ನೊಂದು ದಿನ ಸರಿಯಾಗಲಿಲ್ಲ. ಫೋನು ಮಾಡಿದರೆ "ನಾಳೆ ಬರ್ತೇವೆ ಅಣ್ಣ" ಎಂಬ ಉತ್ತರ. ಮಗಳು ಪುತ್ತೂರಿನ ನೆಂಟರ ಮನೆಯಲ್ಲಿ ಕೂತು ಕೆಲಸ ಮಾಡಿದಳು. "ಹೀಗಾದರೆ ನಾನು ವಾಪಸು ಹೋಗುವುದೇ ಅಪ್ಪ" ಎಂದಳು. ನಮಗಿರುವುದು ಅವಳೊಬ್ಬಳು. ಅವಳು ಊರಲ್ಲಿದ್ದರೆ ತೋಟಕ್ಕೊಂದು ಜನ ಉಂಟು.

ಮರುವರ್ಷ ಇನ್ನೊಂದು ಕಂಪೆನಿಗೆ ಹಣ ಕಟ್ಟಿದೆ. ಜೋಡಣೆಗೆ ಬಂದವನು ಅದೇ ಹುಡುಗ! "ಎಂತ ಮಾರಾಯ, ನೀನು ಇದರಲ್ಲೂ ಇದ್ದೀಯಾ?" ಎಂದೆ. "ಪೇಟೆಯಿಂದ ಇಲ್ಲಿಗೆ ಲೈನು ನಮ್ಮ ಧಣಿಗಳದ್ದೇ ಅಲ್ವಾ ಅಣ್ಣ, ಕಂಪೆನಿ ಯಾವುದಾದರೂ ಬರುವುದು ಇದರಲ್ಲೇ" ಎಂದ. ಅದೇ ಕಂಬ, ಅದೇ ಹಲಸಿನ ಮರ. ಮುಂದಿನ ಮಳೆಗೆ ನನ್ನ ಹೊಸ ಕಂಪೆನಿಯದ್ದೂ ಹೋಯಿತು, ಪಕ್ಕದ ಮನೆಯ ಹಳೆ ಕಂಪೆನಿಯದ್ದೂ ಹೋಯಿತು.

ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿದವರಿಗೆ ಇದರ ಒಳಗುಟ್ಟು ಸುಲಭವಾಗಿ ತಿಳಿದೀತು. ಪೇಟೆಯಲ್ಲಿರುವ ಯಂತ್ರ ಪಂಪಿನ ಹಾಗೆ. ಅಲ್ಲಿಂದ ಹೊರಡುವ ಕೂದಲಿನಷ್ಟು ಸಪೂರದ ಗಾಜಿನ ನೂಲು ಮೈನ್ ಪೈಪು. ಕಂಬದ ಪೆಟ್ಟಿಗೆಯೊಳಗೆ ಸ್ಪ್ಲಿಟರ್ ಎಂಬುದೊಂದು ಇದೆ, ಅದು ಬೆಳಕನ್ನು ಕವಲು ಮಾಡಿ ಮನೆ ಮನೆಗೆ ಕಳುಹಿಸುತ್ತದೆ. ಹೆಚ್ಚಾಗಿ ಬಳಕೆಯಲ್ಲಿರುವ ಜಿಪಾನ್ ಪದ್ಧತಿಯಲ್ಲಿ ಒಂದು ನೂಲಿನಲ್ಲಿ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್ ಮನೆಗಳ ಕಡೆಗೆ ಬರುತ್ತದೆ, ಮನೆಗಳಿಂದ ಹೊರಗೆ ಹೋಗುವುದು ಅದರ ಅರ್ಧ. 32 ಅಥವಾ 64 ಮನೆಗಳು ಅದನ್ನು ಹಂಚಿಕೊಳ್ಳುತ್ತವೆ. ಪೈಪು ಎಷ್ಟು ದಪ್ಪ ಇದ್ದರೇನು, ಬಾವಿಯಲ್ಲಿ ನೀರು ಬೇಕಲ್ಲ? ಕೇಬಲಿನವರು ಮೇಲಿನವರಿಂದ ಕಡಿಮೆ ಖರೀದಿಸಿ ಹೆಚ್ಚು ಮನೆಗೆ ಹಂಚಿದರೆ ಸಂಜೆ ಏಳರ ಮೇಲೆ ಎಲ್ಲರ ಜೆಟ್ಟೂ ತೊಟ್ಟಿಕ್ಕುತ್ತದೆ.

ಪೈಪು ಒಬ್ಬನದ್ದು, ನೀರು ಯಾರದ್ದೂ ಆಗಬಹುದು ಎಂಬ ಆಲೋಚನೆ ನಮ್ಮ ದೇಶದಲ್ಲಿ ಬಾರದ್ದೇನಲ್ಲ. 2004ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಸರಕಾರಕ್ಕೆ ಇದನ್ನೇ ಹೇಳಿತ್ತು: ಮನೆ ಮನೆಗೆ ಹೋಗಿರುವ ತಾಮ್ರದ ತಂತಿಯನ್ನು ಬೇರೆ ಕಂಪೆನಿಗಳಿಗೂ ಬಿಟ್ಟುಕೊಡಬೇಕು, ಆಗ ಪೈಪೋಟಿ ಬರುತ್ತದೆ ಎಂದು. ಅದೇ ವರ್ಷದ ಬ್ರಾಡ್‌ಬ್ಯಾಂಡ್ ನೀತಿ ಅದನ್ನು ಕಡ್ಡಾಯ ಮಾಡಲಿಲ್ಲ. ಪರಸ್ಪರ ಒಪ್ಪಿದರೆ ಕೊಡಿ ಎಂದಿತು. ತಂತಿ ಇದ್ದವನು ಯಾಕೆ ಒಪ್ಪುತ್ತಾನೆ? ಆ ನೀತಿಯ ಪ್ರಕಾರ 256 ಕಿಲೋಬಿಟ್ ಬಂದರೆ ಅದು ಬ್ರಾಡ್‌ಬ್ಯಾಂಡ್. 2023ರಲ್ಲಷ್ಟೇ ಅದು 2 ಮೆಗಾಬಿಟ್‌ಗೆ ಏರಿತು.

ಮೊಬೈಲಿನ ಕತೆ ಬೇರೆ. 2011ರಿಂದ ದೇಶದ ಎಲ್ಲ ಕಡೆ ನಂಬರು ಬಿಡದೆ ಕಂಪೆನಿ ಬದಲಿಸಬಹುದು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಡಾಟಾ ದರ ನೆಲಕ್ಕಿಳಿಯಿತು. ಆ ಜಗಳದಲ್ಲಿ ಕೆಲವು ಕಂಪೆನಿಗಳು ಮುಳುಗಿದವು, ಕೆಲವು ಒಂದಾದವು, ಕೊನೆಗೆ ದೊಡ್ಡವು ನಾಲ್ಕೇ ಉಳಿದವು. 2024ರ ಜುಲೈಯಲ್ಲಿ ಮೂರು ಖಾಸಗಿ ಕಂಪೆನಿಗಳೂ ಒಂದೇ ವಾರದ ಒಳಗೆ ದರ ಏರಿಸಿದವು. ಅದೇನಿದ್ದರೂ ಸಿಗ್ನಲ್ ಇದ್ದ ಊರಿನ ಮಾತು. ದರೆ ಹತ್ತುವವನಿಗೆ ಆಯ್ಕೆ ಎಂದರೆ ಟವರು ಇರುವ ಕಂಪೆನಿ ಮಾತ್ರ.

ಅಡಿಕೆ ಬೆಳೆಯುವವರಿಗೆ ಇದು ಹೊಸತಲ್ಲ. ಕೊಳ್ಳುವವನು ಒಬ್ಬನೇ ಆದರೆ ಧಾರಣೆಯೂ ಅವನದೇ, ತೂಕವೂ ಅವನದೇ. 1973ರಲ್ಲಿ ಕ್ಯಾಂಪ್ಕೊ ಹುಟ್ಟಿ ಕಣಕ್ಕಿಳಿದದ್ದು ಅದಕ್ಕೇ ತಾನೆ? ಬೆಳೆಗಾರ ಅಲ್ಲಿಗೇ ಕೊಡಬೇಕೆಂದಿಲ್ಲ. ಅಲ್ಲಿಗೂ ಕೊಡಬಹುದು ಎಂದಾದರೆ ಸಾಕು, ವ್ಯಾಪಾರಿಯ ಮಾತಿನ ಧಾಟಿ ಬದಲಾಗುತ್ತದೆ.

ನಾವೂ ಏಳು ಮನೆಯವರು ಸೇರಿದೆವು. ಕಂಪೆನಿಯ ಹೆಸರು ಕೇಳುವುದು ಬಿಟ್ಟು "ನಿಮ್ಮ ಲೈನು ಪೇಟೆಯಿಂದ ಯಾವ ದಾರಿಯಾಗಿ ಬರುತ್ತದೆ?" ಎಂದು ವಿಚಾರಿಸುತ್ತಾ ಹೋದೆವು. ಗುಡ್ಡದ ಆಚೆ ಶಾಲೆಯ ತನಕ ಬೇರೆಯೇ ಒಬ್ಬರ ಫೈಬರ್ ಬಂದಿತ್ತು. ಒಂದು ಮನೆಗೆ ಆದರೆ ಅವರು ಬರುವವರಲ್ಲ. ಏಳು ಮನೆ, ಆರು ತಿಂಗಳ ಮುಂಗಡ, ಕಂಬ ನಮ್ಮದು ಎಂದಾಗ ಒಪ್ಪಿದರು. ಮುಂಗಡ ಬಿಟ್ಟು ಮನೆಗೆ 3,400 ರೂಪಾಯಿ ಖರ್ಚು ಬಂತು. ಕೊನೆಗೆ ನಾಲ್ಕು ಮನೆಯವರು ಹೊಸತಕ್ಕೆ ಹೋದೆವು. ಮೂವರು ಹಣ ಹಾಕಿಯೂ ಹಳೆಯದರಲ್ಲೇ ಉಳಿದರು. ತಿಂಗಳ ದರ ಎರಡರಲ್ಲೂ ಇಳಿಯಲಿಲ್ಲ. ಆದರೆ ಕಳೆದ ಮಳೆಗಾಲ ಹಳೆ ಲೈನು ಕಡಿದಾಗ ಆ ಹುಡುಗ ಸಂಜೆಯ ಒಳಗೆ ಏಣಿ ಹಿಡಿದುಕೊಂಡು ಬಂದಿದ್ದ!

ಪಂಚಾಯತಿನ ತನಕ ಸರಕಾರದ ಭಾರತ್‌ನೆಟ್ ಫೈಬರ್ ಬಂದಿದ್ದರೆ ಅದನ್ನೂ ವಿಚಾರಿಸಿ. 2011ರಲ್ಲಿ ಒಪ್ಪಿಗೆಯಾದ ಯೋಜನೆ ಅದು. ಅದರ ನೂಲನ್ನು ಭೇದವಿಲ್ಲದೆ ಯಾವ ಕಂಪೆನಿಯೂ ಬಾಡಿಗೆಗೆ ಪಡೆಯಬಹುದು. 2023ರ ತಿದ್ದುಪಡಿಯಲ್ಲಿ ಲೈನನ್ನು ಉಂಗುರದಂತೆ ಎಳೆಯಲು ತೀರ್ಮಾನಿಸಿದ್ದಾರೆ. ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಬರುತ್ತದೆ.

ಇನ್ನು ದೂರಿನ ವಿಷಯ. ಬಾಯಿಮಾತಿನಲ್ಲಿ ಹುಡುಗನಿಗೆ ಹೇಳಿದರೆ ಅದು ದೂರಲ್ಲ. ಕಂಪೆನಿಯ ನಂಬರಿಗೇ ಫೋನು ಮಾಡಿ ದೂರಿನ ಸಂಖ್ಯೆ ಬರೆದಿಡಿ. 2024ರ ಅಕ್ಟೋಬರಿನಿಂದ ಜಾರಿಗೆ ಬಂದ ಟ್ರಾಯ್ ನಿಯಮದ ಪ್ರಕಾರ ಮನೆಯ ಲೈನು ಮೂರು ದಿನ ಕಳೆದರೂ ಸರಿಯಾಗದಿದ್ದರೆ ಬಾಡಿಗೆಯಲ್ಲಿ ಕಡಿತ ಕೊಡಬೇಕು. ಸಂಖ್ಯೆ ಇಲ್ಲದಿದ್ದರೆ ಎಷ್ಟು ದಿನ ಆಯಿತು ಎಂದು ತೋರಿಸುವುದು ಹೇಗೆ? ನಾನು ಹನ್ನೊಂದು ದಿನವೂ ಹುಡುಗನಿಗೇ ಹೇಳುತ್ತಾ ಕೂತವನು. ಕಂಪೆನಿ ಕೇಳದಿದ್ದರೆ ಅದರಲ್ಲೇ ಮೇಲ್ಮನವಿಗೆ ಅವಕಾಶ ಉಂಟು. ಟ್ರಾಯ್ ಒಬ್ಬೊಬ್ಬರ ದೂರು ವಿಚಾರಿಸುವುದಿಲ್ಲ. ಗ್ರಾಹಕರ ಆಯೋಗಕ್ಕೆ ಹೋಗಬಹುದು, 2022ರಲ್ಲಿ ಸುಪ್ರೀಂ ಕೋರ್ಟು ಅದನ್ನು ಸ್ಪಷ್ಟ ಮಾಡಿದೆ.

ನಮ್ಮ ಲೈನಿಗೆ ಒಂದು ತಾಪತ್ರಯ ಉಳಿದಿದೆ. ಖರ್ಚು ಉಳಿಸಲು ಅಡಿಕೆ ಮರದ ಕಂಬ ಹಾಕಿದ್ದೆವು. ಎರಡನೇ ಮಳೆಗೆ ಬುಡ ಕುಂಬಾಯಿತು. ಈಗ ಆರು ಕಡೆ ಜಿಐ ಪೈಪು ಹಾಕಿಯಾಯಿತು, ಇನ್ನೂ ಹದಿನಾಲ್ಕು ಬಾಕಿ. ಇದಕ್ಕಿಂತ ಅಗ್ಗದ, ಬಾಳಿಕೆಯ ಉಪಾಯ ಯಾರಾದರೂ ಮಾಡಿದ್ದರೆ ಪತ್ರಿಕೆಗೆ ಬರೆಯಿರಿ.